ಮಗಳಿಗೊಂದು ಪತ್ರ: ವಿಮಾನ ರಿಪೇರಿ ಕಲಿಸುವ ಸರ್ಕಾರಿ ಹೈಸ್ಕೂಲು

ಪ್ರೀತಿಯ ಪುಟ್ಟಿ,

ಹೈಸ್ಕೂಲುಗಳ ಪಟ್ಟಿ ತುಂಬುವಾಗ ನ್ಯೂಯಾರ್ಕಿನ ಏವಿಯೇಷನ್ ಹೈಸ್ಕೂಲಿನ ಹೆಸರನ್ನು ಮೊದಲು ಹಾಕಲೇ ಅಪ್ಪಾ ಅಂತ ಕೇಳಿದ್ದೆ. ಹಾಕು. ಆದರೆ ಅಲ್ಲಿ ಕೈಗೆ ಬರುವ ಕೆಲಸ ಎಂಥದ್ದು ಅಂತ ತಿಳಿದುಕೊಂಡು ಹಾಕು.

ಆ ಶಾಲೆ 1925ರಲ್ಲಿ ಮ್ಯಾನ್‌ಹಟನ್‌ನಲ್ಲಿ ಕಟ್ಟಡ ಕಟ್ಟುವ ಕಸುಬು ಕಲಿಸಲು ಶುರುವಾದದ್ದು. 1930ರ ದಶಕದಲ್ಲಿ ವಿಮಾನದ ಕೆಲಸಕ್ಕೆ ಹೊರಳಿತು, 1950ರ ದಶಕದ ಕೊನೆಗೆ ನಮ್ಮ ಕ್ವೀನ್ಸ್‌ಗೆ ಬಂತು. 7ನೇ ನಂಬರಿನ ರೈಲು ಹತ್ತಿದರೆ ಬಾಗಿಲಿಗೇ ಹೋದ ಹಾಗೆ. ಫೀಸಿಲ್ಲ. ಶಾಲೆಯೊಳಗೇ ಹ್ಯಾಂಗರ್, ಅಂದರೆ ವಿಮಾನ ನಿಲ್ಲಿಸುವ ದೊಡ್ಡ ಶೆಡ್ಡು ಇದೆ, ಅದರಲ್ಲಿ ನಿಜವಾದ ವಿಮಾನಗಳಿವೆ.

ಆ ಶಾಲೆಯ ದೊಡ್ಡ ಸಾಧನೆ ಅಂದರೆ ವಿಮಾನ ರಿಪೇರಿಯ ಲೈಸೆನ್ಸು. ಊರಲ್ಲಾದರೆ ಪಿಯುಸಿ ಸೈನ್ಸ್ ಮುಗಿಸಿ ಆಮೇಲೆ ವಿಮಾನ ನಿರ್ವಹಣೆಯ ಕೋರ್ಸಿಗೆ ಸೇರಬೇಕು. ಇಲ್ಲಿ ನಾಲ್ಕು ವರ್ಷದ ಹೈಸ್ಕೂಲಿನ ಜೊತೆಗೇ ಏರ್‌ಫ್ರೇಮ್ (ವಿಮಾನದ ಒಡಲು) ಅಥವಾ ಪವರ್‌ಪ್ಲಾಂಟ್ (ಎಂಜಿನ್), ಎರಡರಲ್ಲೊಂದರ ಲೈಸೆನ್ಸಿಗೆ ತಯಾರಾಗಬಹುದು. ಎರಡೂ ಬೇಕಾದರೆ ಐದನೇ ವರ್ಷ ಓದಬೇಕು, ಅದಕ್ಕೆ ಜೆಎಫ್‌ಕೆ ವಿಮಾನ ನಿಲ್ದಾಣದಲ್ಲೇ ಶಾಲೆಯ ಇನ್ನೊಂದು ಶಾಖೆ ಇದೆ. ಬಹುಕಾಲ ಅಮೆರಿಕದ ಕೇಂದ್ರ ಸರ್ಕಾರದ ನಿಯಮ ಹೀಗಿತ್ತು: ಎರಡಕ್ಕೂ ಬೇಕಾದ ಸಾಮಾನ್ಯ ಭಾಗಕ್ಕೆ 400 ಗಂಟೆ ಪಾಠ, ಏರ್‌ಫ್ರೇಮಿಗೆ 750, ಪವರ್‌ಪ್ಲಾಂಟಿಗೆ 750. 2022ರಲ್ಲಿ ಗಂಟೆಗಳ ಲೆಕ್ಕ ಹೋಗಿ, ಏನೇನು ಬರಬೇಕು ಅನ್ನುವುದರ ಮೇಲೆ ನಿಯಮ ನಿಂತಿದೆ. ಪರೀಕ್ಷೆ ಮಾತ್ರ ದೊಡ್ಡವರಿಗಿರುವುದೇ ನಿನಗೂ: ಲಿಖಿತ, ಮೌಖಿಕ, ಪ್ರಾಯೋಗಿಕ. ಲಿಖಿತದಲ್ಲಿ ನೂರಕ್ಕೆ 70 ಬರಲೇಬೇಕು. ಹದಿನೆಂಟು ತುಂಬದೆ ಲೈಸೆನ್ಸು ಕೈಗೆ ಸಿಗುವುದಿಲ್ಲ. ಸರ್ಕಾರಿ ಶಾಲೆಯ ಮಕ್ಕಳು ಅಂತ ಒಂದು ಅಂಕವೂ ರಿಯಾಯಿತಿ ಇಲ್ಲ. ಆ ಶಾಲೆಯ ಬಗ್ಗೆ ನನಗಿರುವ ಗೌರವವೆಲ್ಲ ಅದಕ್ಕೇ.

ಕೆಲಸ ಹೇಗಿರುತ್ತೆ ಅಂತ ಒಂದು ರಿವೆಟ್, ಅಂದರೆ ತಗಡುಗಳನ್ನು ಬೆಸೆಯುವ ಲೋಹದ ಮೊಳೆ ಹಿಡಿದು ನೋಡೋಣ. 0.032 ಇಂಚಿನ ಎರಡು ಅಲ್ಯೂಮಿನಿಯಂ ತಗಡು ಜೋಡಿಸಬೇಕು. ರಿವೆಟ್ಟಿನ ದಪ್ಪ 1/8 ಇಂಚು. ಉದ್ದ ಎಷ್ಟು? ಎರಡು ತಗಡಿನ ದಪ್ಪಕ್ಕೆ ರಿವೆಟ್ ದಪ್ಪದ ಒಂದೂವರೆ ಪಾಲು ಕೂಡಿಸು, 0.064ಕ್ಕೆ 0.1875, ಹತ್ತಿರ ಹತ್ತಿರ ಕಾಲು ಇಂಚು. ತೂತಿಗೆ 30ನೇ ನಂಬರಿನ ಡ್ರಿಲ್. ತೂತಿನ ನಡುವಿನಿಂದ ತಗಡಿನ ಅಂಚಿಗೆ ಕಡಿಮೆಯೆಂದರೂ ಕಾಲು ಇಂಚು ಬಿಡಬೇಕು, ಇಲ್ಲದಿದ್ದರೆ ಅಂಚು ಸೀಳುತ್ತೆ. ಡ್ರಿಲ್ ಮಾಡಿದ ಮೇಲೆ ತಗಡುಗಳನ್ನು ಬಿಡಿಸಿ ತೂತಿನ ಸುತ್ತ ಎದ್ದ ಚೂರನ್ನು ಕೆರೆದು ತೆಗೆಯಬೇಕು. ಹೊಸಬರು ಇದನ್ನೇ ಬಿಟ್ಟುಬಿಡುತ್ತಾರೆ. ಆಗ ಎರಡು ತಗಡು ಒಂದಕ್ಕೊಂದು ಅಂಟಿ ಕೂರುವುದಿಲ್ಲ, ಬಡಿಯುವಾಗ ರಿವೆಟ್ ಆ ಸಂದಿಯಲ್ಲೇ ಉಬ್ಬುತ್ತೆ.

ಹಿಂದಿನಿಂದ ಕಬ್ಬಿಣದ ಬಾರ್ ಒತ್ತಿ ಹಿಡಿದು ಮುಂದಿನಿಂದ ರಿವೆಟ್ ಬಡಿಯುವ ಗನ್ ಹೊಡೆದಾಗ ಹಿಂಬದಿಯಲ್ಲಿ ಹೊಸ ತಲೆ ಮೂಡುತ್ತೆ: ಅಗಲ 3/16 ಇಂಚು, ಎತ್ತರ 1/16. ಬಾರ್ ಸ್ವಲ್ಪ ವಾಲಿದರೂ ತಲೆ ಒಂದು ಕಡೆಗೆ ಮಲಗುತ್ತೆ. ಜಾಸ್ತಿ ಹೊಡೆದರೆ ತಲೆ ಚಪ್ಪಟೆಯಾಗಿ ಸುತ್ತಲ ತಗಡೇ ಉಬ್ಬುತ್ತೆ. ಕೆಟ್ಟ ರಿವೆಟ್ಟನ್ನು ತೆಗೆಯುವುದು ಹಾಕುವುದಕ್ಕಿಂತ ಕಷ್ಟ. ತಲೆಯ ನಡುವೆ, ತಲೆಯ ಆಳದಷ್ಟೇ ಡ್ರಿಲ್ ಮಾಡಿ, ತಲೆ ಮುರಿದು, ತಗಡಿಗೆ ಹಿಂದಿನಿಂದ ಆಸರೆ ಕೊಟ್ಟು ಉಳಿದದ್ದನ್ನು ಪಂಚ್‌ನಿಂದ ತಳ್ಳಬೇಕು. ಡ್ರಿಲ್ ಪಕ್ಕಕ್ಕೆ ಜಾರಿ ತೂತು ದೊಡ್ಡದಾದರೆ ಮುಂದಿನ ಸೈಜಿನ ರಿವೆಟ್ಟೇ ಗತಿ, ಆಗ ಅಂಚಿನ ಲೆಕ್ಕ ಮೊದಲಿನಿಂದ.

ಬೋಲ್ಟು ಸಡಿಲಾಗದ ಹಾಗೆ ಕಟ್ಟುವ ಸೇಫ್ಟಿ ವೈರೂ ಹಾಗೆಯೇ. 0.032 ಇಂಚಿನ ವೈರಿಗೆ ಇಂಚಿಗೆ ಆರರಿಂದ ಎಂಟು ತಿರುವು, ಬೋಲ್ಟನ್ನು ಬಿಗಿಯಾಗುವ ಕಡೆಗೇ ಅದು ಎಳೆಯಬೇಕು. ಬೋಲ್ಟಿನ ತೂತು ಸರಿಯಾದ ಕಡೆ ಬರಲಿಲ್ಲವೆಂದು ಟಾರ್ಕ್ (ಗೊತ್ತುಮಾಡಿದ ಬಿಗಿತ) ಮೀರಿ ಬಿಗಿಯುವ ಹಾಗಿಲ್ಲ, ಸಡಿಲಿಸುವ ಹಾಗೂ ಇಲ್ಲ.

ವರ್ಕ್‌ಶಾಪಿನ ಗಂಟೆಗಳು ಸೇರಿ ಅಲ್ಲಿಯ ದಿನ ಬೇರೆ ಶಾಲೆಗಳಿಗಿಂತ ಉದ್ದ. ಇಂಗ್ಲಿಷು, ಗಣಿತ, ಸೈನ್ಸು ಒಂದೂ ಕಮ್ಮಿಯಾಗುವುದಿಲ್ಲ. ಓಪನ್ ಹೌಸ್‌ಗೆ ಹೋದಾಗ ತಗಡಿನ ವರ್ಕ್‌ಶಾಪಿನಲ್ಲಿ ಮಕ್ಕಳು ಮಾಡಿಟ್ಟ ಪ್ಲೇಟುಗಳನ್ನು ತಿರುಗಿಸಿ, ಹಿಂಬದಿಯ ತಲೆಗಳನ್ನು ನೋಡಿ ಬಾ.

ಇಂತಿ,
ನಿನ್ನ ಅಪ್ಪ