ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಬರ್ತಿರೋ ಗೆಳೆಯನಿಗೆ

ಲೋ ಮಾರಾಯ,

ಶುಕ್ರವಾರ ಆಫೀಸ್ ಮುಗಿಸ್ಕೊಂಡು ಹಂಗೇ ಹೊರಡ್ತೀನಿ ಅಂತ ಮೆಸೇಜ್ ಹಾಕಿದ್ದೀಯ, ಖುಷಿ ಆಯ್ತು, ಆದ್ರೆ ಬೆಂಗ್ಳೂರು ಟ್ರಾಫಿಕ್ಕು ನೋಡಿದ್ರೆ ನೀನು ಹುಣಸೂರು ದಾಟೋದು ರಾತ್ರಿ 11ಕ್ಕೆ, ಅಲ್ಲಿಂದ ಆನೆಚೌಕೂರು, ಮತ್ತಿಗೋಡು, ತಿತಿಮತಿ, ಎಲ್ಲಾ ಕಾಡು ರಸ್ತೆ. ರೋಡ್ ಖಾಲಿ ಇದೆ ಅಂತ ಒತ್ತಬೇಡ. ನಿನ್ನ ಕಾಲು ನಂಗೊತ್ತು.

ನನ್ನ ಕಥೆ ಹೇಳಿರ್ಲಿಲ್ಲ ನಿಂಗೆ. ಹೋದ ತಿಂಗಳು ಅಮ್ಮತ್ತಿ ಕಡೆಯಿಂದ ಬರ್ತಿದ್ದೆ, ಎರಡೂ ಕಡೆ ಕಾಫಿ ತೋಟ, 60ರಲ್ಲಿದ್ದೆ ಅಷ್ಟೇ. ಒಂದು ಕಾಡುಹಂದಿ ಅಡ್ಡ ಬಂತು, ಸ್ಲೋ ಮಾಡ್ದೆ, ಅದು ದಾಟ್ತು, ಸರಿ ಹೋಯ್ತಲ್ಲ ಅಂತ ಮತ್ತೆ ಆಕ್ಸಿಲರೇಟರ್ ಒತ್ತಿದೆ ನೋಡು, ಹಿಂದೇನೇ ಮರಿಗಳು, ಸಾಲಾಗಿ, ಬೆನ್ನ ಮೇಲೆ ಅಳಿಲಿನ ಥರ ಪಟ್ಟೆ. ಕೊನೇದು ಟೈರಿಗೆ ಸಿಕ್ತು. ಇಳಿದು ನೋಡಿದ್ರೆ ತಾಯಿ ಕಾಫಿ ಗಿಡದ ಸಂದಿಯಿಂದ ಗುಟುರು ಹಾಕ್ತಿದೆ. ಪಂದಿ ಕರಿ ಚಪ್ಪರಿಸೋನಿಗೆ ಹಂದಿ ಮರಿ ಸತ್ರೆ ಅಳುನಾ ಅಂತ ನಗಬೇಡ, ಆ ರಾತ್ರಿ ಊಟ ಸೇರ್ಲಿಲ್ಲ. ಅಷ್ಟರಲ್ಲಿ ಬೈಕಲ್ಲಿ ಬಂದೋನೊಬ್ಬ 'ಡಿಕ್ಕೀಗೆ ಹಾಕ್ಕೊಳ್ಳಲ್ವಾ ಅಣ್ಣ' ಅಂದ! ಗುದ್ದಿ ಸತ್ತಿದ್ರೂ ತಗೊಂಡು ಹೋದ್ರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಕೇಸೇ. ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಫೋನ್ ಮಾಡ್ದೆ.

ಆಮೇಲೆ ಲೆಕ್ಕ ಹಾಕ್ದೆ, 60ರಲ್ಲಿ ಹೋದ್ರೆ ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್, ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗೋಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತೆ. 40 ಆದ್ರೆ 11. ಅದಕ್ಕೇ ಒಂದು ಜಿಂಕೆ ದಾಟಿದ್ರೆ ಇನ್ನೂ ಬರ್ತವೆ ಅಂತಾನೇ ಇಟ್ಕೋ. ಹೈ ಬೀಮ್ ಬಿದ್ರೆ ಅವು ಓಡಲ್ಲ ಕಣೋ, ಕಣ್ಣು ಕೋರೈಸಿ ಅಲ್ಲೇ ನಿಂತ್ಬಿಡ್ತವೆ, ಡಿಪ್ ಮಾಡು.

ಆನೆ ಅಂತೂ ಕತ್ತಲಲ್ಲಿ ಕಾಣ್ಸೋದೇ ಇಲ್ಲ, ಟಾರಿನ ಬಣ್ಣಾನೇ. ಮತ್ತಿಗೋಡು ಶಿಬಿರದ ಸಾಕಾನೆ ರಂಗ ನೆನಪಿದೆಯಾ, 2018ರ ಅಕ್ಟೋಬರಲ್ಲಿ ಇದೇ ರಸ್ತೇಲಿ ಬಸ್ ಗುದ್ದಿ ಸತ್ತಿದ್ದು? ಸಾಕಾನೆಗಳನ್ನೂ ರಾತ್ರಿ ಮೇಯಕ್ಕೆ ಕಾಡಿಗೆ ಬಿಡ್ತಾರೆ. ಈಗ ಭತ್ತ ಬೇರೆ ಬಲಿತಿದೆ, ಕಾಡಾನೆಗಳು ಗದ್ದೆಗೆ ಇಳಿಯೋ ಕಾಲ. ಕಂಡ್ರೆ ದೂರದಲ್ಲೇ ನಿಲ್ಲಿಸು, ಹಾರ್ನ್ ಬೇಡ, ಲೈಟ್ ಮಿಣಮಿಣ ಅನ್ನಿಸೋದು ಬೇಡ, ರೀಲ್ಸ್ ಅಂತೂ ಬೇಡ್ವೇ ಬೇಡ. ಮಕ್ಕಳಿಗೂ ಹೇಳು, ಕೋತಿಗೆ ಚಿಪ್ಸ್ ಎಸೀಬಾರ್ದು ಅಂತ, ಆ ರುಚಿಗೇ ಅವು ರೋಡಲ್ಲಿ ಕೂರೋದು.

ಆಗಲ್ಲ ಅನ್ಸಿದ್ರೆ ಹುಣಸೂರಲ್ಲೇ ಉಳ್ಕೊಂಡು ಬೆಳಿಗ್ಗೆ ಬಾ, ಹಬ್ಬಕ್ಕೆ ಗದ್ದೆಯಿಂದ ಕದಿರು (ಭತ್ತದ ತೆನೆ) ತೆಗಿಯೋದು ಹೆಂಗೂ ಸಂಜೆ ಮೇಲೇ ಅಲ್ವಾ. ರಾತ್ರೀನೇ ಬಂದ್ರೆ ಗೇಟಿಗೆ ಬೀಗ ಹಾಕಿರಲ್ಲ, ಆದ್ರೆ ನಮ್ಮ ಮುದಿ ನಾಯಿ ಅದರ ಮುಂದೇನೇ ರಸ್ತೆ ಮಧ್ಯೆ ಮಲಗಿರುತ್ತೆ, ಹಾರ್ನ್ ಹೊಡೆದ್ರೆ ಏಳಲ್ಲ, ಕಿವಿ ಕೇಳ್ಸಲ್ಲ ಅದಕ್ಕೆ, ಇಳಿದು ಮೈ ಸವರಿ ಎಬ್ಬಿಸು.