ಅಪ್ಪ ಈಗ ಆರಾಮ, ನಿಮಗೆಲ್ಲ ಧನ್ಯವಾದ

ಅಪ್ಪ ಡೆಂಗ್ಯೂ ಜ್ವರದಿಂದ ಚೇತರಿಸಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಊಟ, ನಿದ್ದೆ ಎಲ್ಲ ಸರಿಯಾಗಿದೆ. ಫೋನ್ ಮಾಡಿದವರಿಗೆ ಆಗ ನೆಟ್ಟಗೆ ಉತ್ತರ ಕೊಡಲು ಆಗಿರಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಜ್ವರ ಬಿಟ್ಟ ಮೇಲೆಯೇ ನಮಗೆ ಹೆದರಿಕೆ ಜಾಸ್ತಿಯಾಗಿದ್ದು. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) 38 ಸಾವಿರ, ನಾಡಿ ನಿಮಿಷಕ್ಕೆ 44. ಪ್ಲೇಟ್‌ಲೆಟ್ ಒಂದೂವರೆ ಲಕ್ಷದ ಮೇಲಿರಬೇಕು, ನಾಡಿ ಸಾಮಾನ್ಯವಾಗಿ 60ರಿಂದ 100. ಒಬ್ಬರು ಮಂಗನ ಕಾಯಿಲೆ ಅಂದರು, ಇನ್ನೊಬ್ಬರು ಇಲಿ ಜ್ವರ ಅಂದರು, ಪೇಸ್‌ಮೇಕರ್ ರೇಟು ವಿಚಾರಿಸಿಟ್ಟವರೂ ಇದ್ದರು!

ದೊಡ್ಡ ಧನ್ಯವಾದ ಶಿರಸಿಯಲ್ಲಿ ಅಪ್ಪನನ್ನು ನೋಡಿದ ಡಾಕ್ಟರಿಗೆ. ಎರಡಕ್ಕೂ ಒಂದೇ ಕಾರಣ ಇರಲೇಬೇಕು ಅಂತ ಅವರು ಹಟ ಹಿಡಿಯಲಿಲ್ಲ. ಪ್ಲೇಟ್‌ಲೆಟ್ ಇಳಿಯಲು ಇಲಿ ಜ್ವರ, ಸ್ಕ್ರಬ್ ಟೈಫಸ್, ಲಿವರ್ ತೊಂದರೆ, ಬಿ12 ಕೊರತೆ ಇವುಗಳಲ್ಲಿ ಯಾವುದಾದರೂ ಒಂದು ಸಾಕು. ನಾಡಿ ನಿಧಾನವಾಗಲು ಥೈರಾಯ್ಡ್ ಕಡಿಮೆಯಾಗಿರಬಹುದು, ಪೊಟ್ಯಾಶಿಯಂ ಏರಿರಬಹುದು, ಹಾರ್ಟಲ್ಲೇ ಬಡಿತದ ವಿದ್ಯುತ್ ಸಂಕೇತ ಸಾಗುವ ದಾರಿಯಲ್ಲಿ ಬ್ಲಾಕ್ (ತಡೆ) ಇರಬಹುದು. ಡೆಂಗ್ಯೂ, ಟೈಫಾಯಿಡ್, ಮಂಗನ ಕಾಯಿಲೆ ಎರಡನ್ನೂ ಇಳಿಸಬಹುದು. ಮಂಗನ ಕಾಯಿಲೆ ಉಣುಗಿನಿಂದ ಬರುವಂಥದ್ದು, ಹೆಚ್ಚಾಗಿ ಡಿಸೆಂಬರಿನಿಂದ ಮೇ ತನಕ; ಈ ಮಳೆಯಲ್ಲಿ ಅದರ ಅನುಮಾನ ಕಡಿಮೆ ಅಂದರು.

ಆಮೇಲೆ ಕೇಳಿದರು, "ದಿನಾ ಯಾವ ಮಾತ್ರೆ ತಗೊಳ್ತಾರೆ?" ಅಪ್ಪ ಬಿಪಿಗೆ ಮೆಟೊಪ್ರೊಲೋಲ್ ನುಂಗುತ್ತಾರೆ. ಅದು ಹಾರ್ಟ್ ಬಡಿತವನ್ನೇ ನಿಧಾನ ಮಾಡುವ ಮಾತ್ರೆ. ಡೆಂಗ್ಯೂ ಪಾಸಿಟಿವ್ ಬಂತು, ಜ್ವರ ಬಿಡುವ ಹೊತ್ತಿಗೆ ಅದರಲ್ಲಿ ನಾಡಿ ಇಳಿಯುವುದೂ ಉಂಟಂತೆ, ಮೇಲಿಂದ ಈ ಮಾತ್ರೆ ಬೇರೆ. ಇಸಿಜಿಯಲ್ಲಿ ಅಂಥ ಬ್ಲಾಕ್ ಇರಲಿಲ್ಲ. ಡಾಕ್ಟರೇ ಮಾತ್ರೆ ನಿಲ್ಲಿಸಿ ನಿಗಾದಲ್ಲಿಟ್ಟರು. ನಾವಾಗಿ ಅದನ್ನು ಏಕಾಏಕಿ ಬಿಡುವಂತಿಲ್ಲ ಅಂತ ಒತ್ತಿ ಹೇಳಿದರು, ಬಿಪಿಯವರು ಗಮನಿಸಿ.

ಲ್ಯಾಬಿನ ಹುಡುಗಿಗೂ ಧನ್ಯವಾದ. ಟ್ಯೂಬಿನಲ್ಲಿ ಪ್ಲೇಟ್‌ಲೆಟ್ ಒಂದಕ್ಕೊಂದು ಅಂಟಿಕೊಂಡರೂ ಮಷಿನ್ ಕಡಿಮೆ ತೋರಿಸುತ್ತದಂತೆ, ಅದಕ್ಕೆ ಸ್ಲೈಡ್ ಮಾಡಿ ಕಣ್ಣಾರೆ ನೋಡಿಯೇ ರಿಪೋರ್ಟ್ ಕೊಟ್ಟಳು. ಮೈಕೈ ನೋವಿಗೆ ಬ್ರೂಫೆನ್ ಕೊಡಬೇಡಿ, ಪ್ಯಾರಾಸಿಟಮಾಲ್ ಮಾತ್ರ ಸಾಕು ಅಂತ ಮೊದಲ ದಿನವೇ ತಡೆದ ಆಶಾ ಕಾರ್ಯಕರ್ತೆಯನ್ನು ಹೇಗೆ ಮರೆಯಲಿ?

ಮಳೆಯಲ್ಲಿ ದೇವಿಮನೆ ಘಾಟ್ ಹತ್ತಿ ಕುಮಟಾದಿಂದ ರಕ್ತ ಕೊಡಲು ಬಂದ ಹುಡುಗರೇ, ನಿಮ್ಮನ್ನು ಸುಮ್ನೆ ಕಳಿಸಿದ್ದಕ್ಕೆ ಬೇಜಾರು ಬೇಡ. ರಕ್ತಸ್ರಾವ ಇಲ್ಲದಿದ್ದರೆ, 10 ಸಾವಿರಕ್ಕಿಂತ ಕೆಳಗೆ ಹೋಗದಿದ್ದರೆ ಪ್ಲೇಟ್‌ಲೆಟ್ ಏರಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲವಂತೆ. ಪಪ್ಪಾಯಿ ಎಲೆ ರಸ ತಂದ ಚಿಕ್ಕಪ್ಪ, ನೀವೂ ಬೇಜಾರು ಮಾಡಿಕೊಳ್ಳಬೇಡಿ, ಡಾಕ್ಟರು ಬೇಡ ಅಂದರು. ದೊಡ್ಡ ಆಸ್ಪತ್ರೆಗೆಂದು ಮಣಿಪಾಲಕ್ಕೋ ಹುಬ್ಬಳ್ಳಿಗೋ ಓಡಬೇಕಾದರೆ ಅಂತ ರಾತ್ರಿಯೆಲ್ಲ ಗಾಡಿ ನಿಲ್ಲಿಸಿಕೊಂಡು ಕೂತ ಅಣ್ಣನಿಗೆ ಕೈ ಮುಗಿಯುತ್ತೇನೆ. ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಆ ಓಟ ಹೊಸದಲ್ಲ ಅಲ್ವಾ.

ಇನ್ನು ಪಕ್ಕದ ಮನೆಯವರು. ಹಾಲು ಕರೆದು ಡೈರಿಗೆ ಹಾಕಿದಿರಿ, ನಮ್ಮ ಅಡಿಕೆಗೂ ಕೊಳೆ ರೋಗದ ಮದ್ದು ಹೊಡೆಸಿದಿರಿ. ಅದರ ಲೆಕ್ಕ ಮಾತ್ರ ಇನ್ನೂ ಹೇಳುತ್ತಿಲ್ಲ. ದಯವಿಟ್ಟು ಹೇಳಿಬಿಡಿ, ಅಪ್ಪ ದಿನಾ ನನ್ನನ್ನು ಬೈಯುತ್ತಿದ್ದಾರೆ.