ಈ ಯೂರಿಯೇಸ್‌ನಲ್ಲಿ ಪಾಲಿರುವವರಿಗೆಲ್ಲ ಥ್ಯಾಂಕ್ಸ್

ಬಯೋಕೆಮಿಸ್ಟ್ರಿ ಎಂಎಸ್ಸಿಯ ಲ್ಯಾಬ್ ಕೋರ್ಸ್ ಮುಗಿಯಿತು. ಹುರುಳಿಕಾಳಿನಿಂದ ಯೂರಿಯೇಸ್ ಅನ್ನೋ ಕಿಣ್ವ ತೆಗೆದು, ಶುದ್ಧ ಮಾಡಿ, ಅದರ ಗುಣ ಅಳೆದು, ವೈವಾ ಕೊಟ್ಟು ಪಾಸಾಗಿದ್ದೇನೆ. ಅಪ್ಪನಿಗೆ ಡಯಾಲಿಸಿಸ್ ಶುರುವಾದದ್ದೂ ಇದೇ ವರ್ಷ. ಕೋರ್ಸ್ ಬಿಡುತ್ತೇನೆ ಅಂತ ಅಮ್ಮನಿಗೆ ಹೇಳಿಯೂ ಆಗಿತ್ತು. ಬಿಡದ ಹಾಗೆ ನೋಡಿಕೊಂಡವರು ಈ ಮುಂಬೈಯಲ್ಲಿ ಎಷ್ಟೊಂದು ಜನ. ಯಾರ ಹೆಸರನ್ನೂ ಹಾಕುತ್ತಿಲ್ಲ. ಓದಿದರೆ ಅವರಿಗೇ ಗೊತ್ತಾಗುತ್ತದೆ.

ಮೊದಲು ನಮ್ಮ ಮೇಡಂ. ಬ್ಯಾಚ್‌ನ ಹೆಚ್ಚಿನವರು ಯೀಸ್ಟ್‌ನ ಇನ್ವರ್ಟೇಸ್ ಅನ್ನೋ ಕಿಣ್ವ ತೆಗೆದುಕೊಂಡಿದ್ದರು. ನಾನು ಇನ್ನೂ ಏನೂ ಹೇಳಿರಲಿಲ್ಲ. ಆಸ್ಪತ್ರೆಯಿಂದ ನೇರ ಬಂದಿದ್ದೆ, ಅಪ್ಪನ ರಿಪೋರ್ಟ್ ಕೈಯಲ್ಲೇ ಇತ್ತು. ಮೇಡಂ ಅದನ್ನು ತೆಗೆದುಕೊಂಡು 'ಬ್ಲಡ್ ಯೂರಿಯಾ' ಸಾಲಿನ ಕೆಳಗಿನ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟರು. ಯೂರಿಯೇಸ್ ವಿಧಾನ ಅಂತಿತ್ತು. ಈ ಕಿಣ್ವ ರಕ್ತದ ಯೂರಿಯಾವನ್ನು ಅಮೋನಿಯ ಮತ್ತು ಕಾರ್ಬನ್ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಆ ಅಮೋನಿಯದಿಂದ ಯೂರಿಯಾ ಎಷ್ಟಿತ್ತು ಅಂತ ಲೆಕ್ಕ ಸಿಗುತ್ತದೆ. "ಇದನ್ನೇ ಮಾಡು" ಅಂದರು. ಅವತ್ತಿನಿಂದ ರಿಪೋರ್ಟ್ ನೋಡಿದರೆ ಬರೀ ಹೆದರಿಕೆ ಆಗುವುದು ನಿಂತಿತು.

ಓದಲು ಕೊಟ್ಟದ್ದೂ ಅವರೇ. ಅಪ್ಪನ ಹಾಸಿಗೆ ಪಕ್ಕ ಕೂತು ಜೇಮ್ಸ್ ಸಮ್ನರ್ ಬಗ್ಗೆ ಓದಿದೆ. ಹದಿನೇಳನೇ ವಯಸ್ಸಿಗೆ ಬೇಟೆಯಲ್ಲಿ ಗುಂಡು ತಗುಲಿ ಎಡಗೈ ಹೋಯಿತು. ಅವರು ಎಡಗೈಯವರೇ ಆಗಿದ್ದರು. ಬಲಗೈಯಲ್ಲಿ ಎಲ್ಲ ಹೊಸದಾಗಿ ಕಲಿತು, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಜ್ಯಾಕ್ ಬೀನ್ ಅನ್ನೋ ಕಾಳಿನ ಹಿಂದೆ ಬಿದ್ದು, 1926ರಲ್ಲಿ ಯೂರಿಯೇಸ್‌ನ ಹರಳು ತೆಗೆದರು. ಹರಳಾಗಿ ಸಿಕ್ಕ ಮೊದಲ ಕಿಣ್ವ ಅದು. ಕಿಣ್ವ ಅಂದರೆ ಪ್ರೊಟೀನ್ ಅಂತ ಅವರು ಹೇಳಿದಾಗ ದೊಡ್ಡ ದೊಡ್ಡವರೇ ಒಪ್ಪಲಿಲ್ಲ. ನೊಬೆಲ್ ಬಂದದ್ದು 1946ರಲ್ಲಿ. ಅವರ ಲ್ಯಾಬ್‌ನಲ್ಲಿ ಐಸ್ ಪೆಟ್ಟಿಗೆ ಇಲ್ಲದ ಕಾಲದಲ್ಲಿ ರಾತ್ರಿ ಕಿಟಕಿಯ ಅಂಚಿನಲ್ಲಿ ದ್ರಾವಣ ಇಟ್ಟು, ಚಳಿ ಬೀಳಲಿ ಅಂತ ಕಾಯುತ್ತಿದ್ದರಂತೆ.

ಮುಂಬೈಯ ಏಪ್ರಿಲ್‌ನಲ್ಲಿ ಕಿಟಕಿಯ ಅಂಚಿಗೆ ಇಟ್ಟರೆ ಏನಾಗುತ್ತದೆ, ಗೊತ್ತಲ್ವಾ. ಹುರುಳಿ ಹಿಟ್ಟನ್ನು ಬಫರ್‌ನಲ್ಲಿ (ಹುಳಿ-ಕ್ಷಾರದ ಮಟ್ಟ ಏರುಪೇರಾಗದ ಹಾಗೆ ಕಾಯುವ ದ್ರಾವಣ) ಕಲಸುವುದರಿಂದ ಹಿಡಿದು ಎಲ್ಲವೂ ತಣ್ಣಗೇ ನಡೆಯಬೇಕು, ಇಲ್ಲದಿದ್ದರೆ ಕಿಣ್ವ ಕೆಡುತ್ತದೆ. ನಮ್ಮ ಐಸ್ ಯಂತ್ರ ಕೆಟ್ಟು ಕೂತದ್ದೂ ಆಗಲೇ. ಅಪ್ಪನ ಹಳೇ ಗೆಳೆಯರು, ಹೋಟೆಲಿನ ಶೆಟ್ರು, ಜ್ಯೂಸ್ ಕೌಂಟರ್‌ನ ಐಸನ್ನು ಥರ್ಮೋಕೋಲ್ ಡಬ್ಬಿಗೆ ತುಂಬಿಸಿ, ಹುಡುಗನ ಕೈಯಲ್ಲಿ ಲ್ಯಾಬ್ ಬಾಗಿಲಿಗೇ ಕಳಿಸಿದರು. ದುಡ್ಡಿನ ಮಾತೆತ್ತಿದರೆ ಫೋನ್ ಇಟ್ಟುಬಿಡುತ್ತಿದ್ದರು. ಶೆಟ್ರೇ, ನಿಮ್ಮ ಐಸ್ ಇಲ್ಲದೆ ಈ ಕೆಲಸ ಮೊದಲ ಹಂತವನ್ನೂ ದಾಟುತ್ತಿರಲಿಲ್ಲ. ಈ ವರ್ಷದ ಹೊಸ ಹುರುಳಿಯೇ ಬೇಕು ಅಂದಾಗ ಚೀಲ ಚೀಲ ಬಿಚ್ಚಿ ಆರಿಸಿ ಕೊಟ್ಟ ಮಾಟುಂಗಾದ ದಿನಸಿ ಅಂಗಡಿಯವರಿಗೂ ನನ್ನ ನಮಸ್ಕಾರ.

ನಮ್ಮ ಲ್ಯಾಬ್ ಅಟೆಂಡೆಂಟ್ ಮಾಮಾ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು. ಅಕ್ಕಲಕೋಟೆ ಕಡೆಯವರು, ನನ್ನ ಜೊತೆ ಕನ್ನಡದಲ್ಲೇ ಮಾತು. ಅಮೋನಿಯಂ ಸಲ್ಫೇಟ್ ಹಾಕಿದರೆ ಪ್ರೊಟೀನ್ ತಳಕ್ಕೆ ಕೂರುತ್ತದೆ, ಅದು ಸುಲಭ. ಆದರೆ ನಾವು ಅಳೆಯುವುದೇ ಅಮೋನಿಯ. ಆ ಉಪ್ಪು ಚೂರು ಉಳಿದರೂ ರೀಡಿಂಗ್ ಎಲ್ಲ ಸುಳ್ಳು. ಅದಕ್ಕೆ ಡಯಾಲಿಸಿಸ್. ಸೋಡಾ ಹಾಕಿ ಕುದಿಸಿದ ಪೊರೆಯ ಕೊಳವೆಗೆ ದ್ರಾವಣ ಹೊಯ್ದು, ಎರಡೂ ತುದಿ ಕಟ್ಟಿ, ತಣ್ಣನೆಯ ಬಫರ್‌ನಲ್ಲಿ ಮುಳುಗಿಸಿಡಬೇಕು. ಉಪ್ಪು ಪೊರೆ ದಾಟಿ ಹೊರಗೆ ಹೋಗುತ್ತದೆ, ಪ್ರೊಟೀನ್ ಒಳಗೇ ಉಳಿಯುತ್ತದೆ. "ಪೂರಾ ತುಂಬಬ್ಯಾಡ ತಂಗಿ, ಜಾಗಾ ಬಿಡು. ನೀರು ಒಳಗ ಬರ್ತದ, ಚೀಲ ಒಡೀತದ," ಅಂತ ಮಾಮಾ ಗಂಟು ಹಾಕಿ ತೋರಿಸಿದರು. ತುದಿಯನ್ನು ಮಡಚಿ ಮತ್ತೊಂದು ಗಂಟು. ಬೆಳಿಗ್ಗೆ ನೋಡಿದರೆ ಸಡಿಲ ಇದ್ದ ಚೀಲ ಬಿಗಿದು ನಿಂತಿತ್ತು, ಒಂದು ಹನಿ ಸೋರಿರಲಿಲ್ಲ. ಹೊರಗಿನ ಬಫರ್ ಸ್ವಲ್ಪ ತೆಗೆದು, ಅಮೋನಿಯ ಇದ್ದರೆ ಹಳದಿಯಾಗುವ ನೆಸ್ಲರ್ ದ್ರಾವಣ ಹಾಕಿ ನೋಡುವುದು, ಹಳದಿ ಬಂದರೆ ಬಫರ್ ಬದಲಿಸುವುದು. ನಾನು ಆಸ್ಪತ್ರೆಯಲ್ಲಿದ್ದ ಸಂಜೆಗಳಲ್ಲಿ ಡ್ಯೂಟಿ ಮುಗಿದ ಮೇಲೂ ನಿಂತು ಬಫರ್ ಬದಲಿಸಿದ್ದು ಮಾಮಾ. ನೆಸ್ಲರ್‌ನಲ್ಲಿ ಪಾದರಸ ಇದೆ ಅಂತ ಅದರ ಕಸಕ್ಕೆ ಬೇರೆ ಬಾಟಲಿಯನ್ನೂ ಇಟ್ಟಿದ್ದರು.

ಅಪ್ಪನ ಯಂತ್ರದಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ಯೂರಿಯಾದ ಅಣುತೂಕ ಬರೀ 60, ಪೊರೆ ದಾಟಿ ಹೊರಗೆ ಹೋಗುತ್ತದೆ. ರಕ್ತದ ದೊಡ್ಡ ಪ್ರೊಟೀನ್‌ಗಳು ಒಳಗೇ ಉಳಿಯುತ್ತವೆ. ಡಯಾಲಿಸಿಸ್ ವಾರ್ಡಿನ ಟೆಕ್ನಿಷಿಯನ್ ಅಕ್ಕ ಕೆಲಸದ ನಡುವೆಯೇ ನನಗೆ ಇದನ್ನೆಲ್ಲ ತೋರಿಸಿದರು. ಅಕ್ಕ, ನೀವು ಅಪ್ಪನ ಕೈಗೆ ಸೂಜಿ ಚುಚ್ಚುವ ಮುಂಚೆ ಪ್ರತಿ ಸಲವೂ "ಚುಚ್ಚಲಾ ಅಂಕಲ್?" ಅಂತ ಕೇಳುತ್ತೀರಿ. ಅದನ್ನು ನಾನು ಮರೆಯುವುದಿಲ್ಲ.

ನನ್ನ ಪಾರ್ಟ್‌ನರ್ ರತ್ನಾಗಿರಿಯ ಹುಡುಗಿ. ನಾನಿಲ್ಲದ ದಿನದ ಒಂದೊಂದು ರೀಡಿಂಗನ್ನೂ ಇಬ್ಬರ ಪುಸ್ತಕದಲ್ಲೂ ಬರೆದಿಟ್ಟಳು. ಒಂದೊಂದು ಹಂತ ದಾಟಿದಾಗಲೂ ಒಟ್ಟು ಪ್ರೊಟೀನ್ ಇಳಿಯುತ್ತಾ, ಮಿಲಿಗ್ರಾಂ ಪ್ರೊಟೀನ್‌ಗೆ ಸಿಗುವ ಕಿಣ್ವದ ಚಟುವಟಿಕೆ ಏರುತ್ತಾ ಹೋದ ಆ ಟೇಬಲ್ ಅವಳದ್ದೂ ಹೌದು. ಕೊನೆಯ ದಿನ ಯೂರಿಯಾದ ಪ್ರಮಾಣ ಬದಲಿಸುತ್ತಾ ವೇಗ ಅಳೆದು, ಲೈನ್‌ವೀವರ್–ಬರ್ಕ್ ಗ್ರಾಫ್ (ಎರಡನ್ನೂ ತಲೆಕೆಳಗು ಮಾಡಿ, ಅಂದರೆ ಒಂದನ್ನು ಅವುಗಳಿಂದ ಭಾಗಿಸಿ, ನೇರ ಗೆರೆಯಾಗಿ ಬಿಡಿಸುವ ಗ್ರಾಫ್) ಹಾಕಿದಾಗ ಚುಕ್ಕಿಗಳು ಗೆರೆಯ ಮೇಲೆ ಕೂತವು. ಅವಳು ಅತ್ತೇಬಿಟ್ಟಳು, ನಾನೂ.

ಅಪ್ಪ ಫೋರ್ಟ್‌ನ ಹೋಟೆಲಲ್ಲಿ ದುಡಿಯುತ್ತಾ ಕನ್ನಡ ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸಿ ಮಾಡಿದವರು. ಡಯಾಲಿಸಿಸ್ ಮುಗಿಸಿ ಸುಸ್ತಾಗಿ ಬಂದ ದಿನವೂ "ಇವತ್ತು ಎಲ್ಲಿಗೆ ಬಂತು?" ಅಂತ ಕೇಳಿಯೇ ಮಲಗುತ್ತಿದ್ದರು. ಅಪ್ಪಾ, ಮುಗಿಸಿದೆ. ಅಮ್ಮಾ, ನನ್ನ ಲ್ಯಾಬ್ ದಿನಗಳಲ್ಲಿ ಒಬ್ಬಳೇ ಅಪ್ಪನನ್ನು ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋಗಿ ಬಂದದ್ದಕ್ಕೆ ಏನು ಹೇಳಲಿ ಗೊತ್ತಾಗುತ್ತಿಲ್ಲ.

ಉಳಿದ ಕಿಣ್ವಕ್ಕೆ ಗ್ಲಿಸರಾಲ್ ಸೇರಿಸಿ ಫ್ರಿಡ್ಜ್‌ನಲ್ಲಿಟ್ಟಿದ್ದೇವೆ. ಜೂನಿಯರ್‌ಗಳು ಧಾರಾಳವಾಗಿ ಬಳಸಿಕೊಳ್ಳಿ. ಹೊಸದಾಗಿ ತೆಗೆಯುವುದಾದರೆ ಚೀಲ ಕಟ್ಟುವಾಗ ಮಾಮಾರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ.